ಮದ್ಯವ್ಯಸನಿಗಳ ಬಂಧು ಬಿಲ್ ವಿಲ್ಸನ್

ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಈಸ್ಟ್ ಡಾರ್ಸೆಟ್ ಎಂಬ ಪುಟ್ಟ ಹಳ್ಳಿ. ಅಮೃತಶಿಲೆಯ ಗಣಿಗಳೇ ಅಲ್ಲಿಯ ಜನರ ಅನ್ನದ ದಾರಿ. ಆ ಹಳ್ಳಿಯ ಹೋಟೆಲೊಂದರಲ್ಲಿ, ಬಾರಿನ ಹಿಂಬದಿಯ ಕೋಣೆಯಲ್ಲಿ, 1895ರ ನವೆಂಬರ್ 26ರಂದು ಒಂದು ಗಂಡು ಮಗು ಹುಟ್ಟಿತು. ಹೋಟೆಲು ನಡೆಸುತ್ತಿದ್ದವರು ಮಗುವಿನ ಅಜ್ಜಿ. ಬಾರಿನ ಹಿಂದೆ ಹುಟ್ಟಿದ ಆ ವಿಲಿಯಂ ವಿಲ್ಸನ್ ಮುಂದೆ ಜಗತ್ತಿನಾದ್ಯಂತ ಲಕ್ಷಾಂತರ ಜನರನ್ನು ಬಾರಿನಿಂದ ಹೊರಗೆ ಕರೆತಂದರು. ಆದರೆ ಅದಕ್ಕೆ ಮೊದಲು ಅವರೇ ಹದಿನೇಳು ವರ್ಷ ಕುಡಿದು ಸರ್ವನಾಶದ ಅಂಚಿಗೆ ಹೋಗಿ ಬಂದಿದ್ದರು.

ತಂದೆಗೂ ಕುಡಿತದ ಅಭ್ಯಾಸವಿತ್ತು. ಹುಡುಗನಿಗೆ ಹತ್ತು ವರ್ಷವಾಗುವ ಹೊತ್ತಿಗೆ ತಂದೆ ತಾಯಿ ಬೇರೆಯಾದರು. ತಾಯಿ ವೈದ್ಯಶಿಕ್ಷಣಕ್ಕೆಂದು ಬಾಸ್ಟನ್‌ಗೆ ಹೋದರು. ಬಿಲ್ ಮತ್ತು ತಂಗಿ ಡೊರೋಥಿ ತಾಯಿಯ ತಂದೆಯ ಮನೆಯಲ್ಲಿ ಬೆಳೆದರು. ಒಮ್ಮೆ ಅಜ್ಜ ಮಾತಿನ ನಡುವೆ, ಆಸ್ಟ್ರೇಲಿಯದವರ ಹೊರತು ಯಾರಿಗೂ ಬೂಮರಾಂಗ್ ಮಾಡಲು ಬರುವುದಿಲ್ಲ ಎಂದರಂತೆ. ಹುಡುಗ ಹಟ ಹಿಡಿದು ತಿಂಗಳುಗಟ್ಟಲೆ ಕೆತ್ತಿದ. ಕಡೆಗೆ ತನ್ನ ಮಂಚದ ತಲೆಹಲಗೆಯನ್ನೇ ಕತ್ತರಿಸಿ ಎಸೆದಲ್ಲಿಂದ ತಿರುಗಿ ಬರುವ ಬೂಮರಾಂಗ್ ಮಾಡಿದ. ಎಲ್ಲದರಲ್ಲೂ ತಾನೇ ಮೊದಲಿಗನಾಗಬೇಕೆಂಬ ಈ ಹಟ ಅವರನ್ನು ಕೊನೆಯವರೆಗೂ ಬಿಡಲಿಲ್ಲ. 1912ರಲ್ಲಿ, ಶಾಲೆಯಲ್ಲಿದ್ದಾಗ, ಪ್ರೀತಿಸಿದ ಹುಡುಗಿ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡಳು. ಆಗ ಕವಿದ ಮಂಕು ಬಹುಕಾಲ ಹೋಗಲಿಲ್ಲ.

ಮೊದಲ ಮಹಾಯುದ್ಧದ ಹೊತ್ತಿಗೆ ಬಿಲ್ ಸೈನ್ಯದಲ್ಲಿ ಅಧಿಕಾರಿ. 1917ರಲ್ಲಿ ಮ್ಯಾಸಚೂಸೆಟ್ಸ್‌ನ ನ್ಯೂ ಬೆಡ್‌ಫರ್ಡ್‌ನಲ್ಲಿ ಶ್ರೀಮಂತರ ಮನೆಯ ಔತಣಕೂಟವೊಂದರಲ್ಲಿ ಅವರ ಕೈಗೆ ಮೊದಲ ಗ್ಲಾಸು ಬಂತು. ಸಂಕೋಚದ ಸ್ವಭಾವದ, ಹಳ್ಳಿಯಿಂದ ಬಂದ ಆ ಎತ್ತರದ ಯುವಕನಿಗೆ ಒಮ್ಮೆಗೇ ಎಲ್ಲರೊಡನೆ ಮಾತಾಡಲು ಧೈರ್ಯ ಬಂತು. ಎಷ್ಟೋ ಜನರ ಕಥೆ ಶುರುವಾಗುವುದು ಹೀಗೆಯೇ. ದುಃಖಕ್ಕೆ ಕುಡಿಯುವವರಿಗಿಂತ ಸಂಕೋಚ ಕಳೆಯಲು ಕುಡಿಯಲಾರಂಭಿಸಿದವರನ್ನೇ ನಾನು ಹೆಚ್ಚು ಕಂಡಿದ್ದೇನೆ. 1918ರ ಜನವರಿ 24ರಂದು ಬ್ರೂಕ್ಲಿನ್‌ನ ವೈದ್ಯರೊಬ್ಬರ ಮಗಳು ಲೋಯಿಸ್ ಬರ್ನ್‌ಹ್ಯಾಮ್ ಅವರನ್ನು ಮದುವೆಯಾಗಿ ಬಿಲ್ ಯುದ್ಧಕ್ಕೆ ಹೋದರು.

ಯುದ್ಧದಿಂದ ಮರಳಿ ಬಂದವರು ಹಗಲು ಕೆಲಸ ಮಾಡುತ್ತ ರಾತ್ರಿ ಕಾನೂನು ಕಾಲೇಜಿಗೆ ಸೇರಿದರು. ವರ್ಷಗಟ್ಟಲೆ ಓದಿಯೂ ಪದವಿ ಪತ್ರ ಮಾತ್ರ ಕೈಗೆ ಬರಲಿಲ್ಲ, ಕುಡಿತ ಅಡ್ಡ ಬಂತು. ಹಗಲು ದುಡಿದು ರಾತ್ರಿ ಓದಿ ಪಡೆದ ಪ್ರಮಾಣಪತ್ರದ ಬೆಲೆ ಎಂಥದೆಂದು ಮುಂಬಯಿಯ ರಾತ್ರಿ ಶಾಲೆಗಳಲ್ಲಿ ಕಲಿತ ನಮ್ಮ ಹಿರಿಯರಿಗೆ ಹೇಳಬೇಕಾಗಿಲ್ಲ. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿದ ನನಗೆ ಈ ಪುಟ ಓದುವಾಗ ಹೊಟ್ಟೆಯಲ್ಲಿ ಸಂಕಟವಾಯಿತು.

ಬುದ್ಧಿಗೇನೂ ಕಡಿಮೆಯಿರಲಿಲ್ಲ. ಷೇರು ಕೊಳ್ಳುವ ಮೊದಲು ಕಂಪೆನಿಯ ಒಳಹೊರಗು ತಿಳಿಯಬೇಕು ಎಂಬ ವಿಚಾರ ಆಗಿನ ವಾಲ್ ಸ್ಟ್ರೀಟಿಗೆ ಹೊಸತು. 1925ರಲ್ಲಿ ಬಿಲ್ ಮತ್ತು ಲೋಯಿಸ್ ಸೈಡ್‌ಕಾರ್ ಇದ್ದ ಮೋಟಾರ್ ಸೈಕಲ್ ಹತ್ತಿ ಊರೂರು ಸುತ್ತಿ, ಕಾರ್ಖಾನೆಗಳ ಬಾಗಿಲಲ್ಲಿ ಡೇರೆ ಹಾಕಿ ವರದಿ ಬರೆದರು. ಹಣ ಬಂತು, ಹೆಸರೂ ಬಂತು. 1929ರ ಷೇರುಪೇಟೆ ಕುಸಿತದಲ್ಲಿ ಎಲ್ಲ ಹೋಯಿತು, ಬಾಟಲಿ ಮಾತ್ರ ಉಳಿಯಿತು. ಗಂಡ ಮಾವನ ಮನೆಯಲ್ಲಿ ಕುಡಿದು ಮಲಗಿದರೆ ಹೆಂಡತಿ ಬಟ್ಟೆ ಸಾಮಾನಿನ ದೊಡ್ಡ ಅಂಗಡಿಯಲ್ಲಿ ನಿಂತು ದುಡಿದು ಮನೆ ನಡೆಸಿದರು. ಬ್ಯಾಂಕಿನ ಕೌಂಟರಿನಲ್ಲಿ ಕುಳಿತವರಿಗೆ ಇಂಥ ಹೆಂಗಸರ ಮುಖ ಪರಿಚಿತ. ಪಗಾರ ಜಮೆಯಾದ ದಿನವೇ, ಗಂಡ ಬರುವ ಮೊದಲು, ಪಾಸ್‌ಬುಕ್ ಹಿಡಿದು ಬಂದು ನಿಲ್ಲುತ್ತಿದ್ದರು.

1933 ಮತ್ತು 1934ರಲ್ಲಿ ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆಗೆ ಬಿಲ್ ನಾಲ್ಕು ಬಾರಿ ಸೇರಿದರು. ಅಲ್ಲಿಯ ಡಾ. ವಿಲಿಯಂ ಸಿಲ್ಕ್‌ವರ್ತ್ ಅವರು ಕುಡುಕರನ್ನು ಗದರಿಸುವ ಪೈಕಿಯಲ್ಲ. ಇದು ಕೆಟ್ಟ ನಡತೆಯಲ್ಲ, ರೋಗ. ಶರೀರಕ್ಕೆ ಮದ್ಯದ ಅಲರ್ಜಿ, ಮನಸ್ಸಿಗೆ ಅದರದೇ ಹುಚ್ಚು ಎಂದು ಅವರು ವಿವರಿಸುತ್ತಿದ್ದರು. ಅಲರ್ಜಿಯ ಮಾತನ್ನು ಇಂದಿನ ವೈದ್ಯಶಾಸ್ತ್ರ ಒಪ್ಪುವುದಿಲ್ಲ. ಆದರೆ ರೋಗ ಎಂಬ ಮಾತು ನಿಂತಿದೆ.

ಅದೇ ವರ್ಷದ ನವೆಂಬರಿನಲ್ಲಿ ಹಳೆಯ ಸ್ನೇಹಿತ ಎಬ್ಬಿ ಥ್ಯಾಚರ್ ಮನೆಗೆ ಬಂದರು. ಅವರೂ ಹೆಸರಾಂತ ಕುಡುಕ. ಬಿಲ್ ಗ್ಲಾಸು ಮುಂದಿಟ್ಟರೆ ಅವರು ಮುಟ್ಟಲಿಲ್ಲ. ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಬಳಗದ ಸಹವಾಸದಿಂದ ಬಿಟ್ಟೆನೆಂದರು. ಡಿಸೆಂಬರ್ 11ರಂದು ಬಿಲ್ ಕೊನೆಯ ಬಾರಿ ಆಸ್ಪತ್ರೆ ಸೇರಿದರು. ಅಲ್ಲಿ ಒಂದು ದಿನ ತೀರಾ ಹತಾಶರಾಗಿ ದೇವರನ್ನು ಕರೆದಾಗ ಕೋಣೆ ಬೆಳಕಿನಿಂದ ತುಂಬಿದಂತಾಯಿತು, ಮನಸ್ಸು ಶಾಂತವಾಯಿತು. ಅಲ್ಲಿ ಕೊಡುತ್ತಿದ್ದ ಬೆಲ್ಲಡೋನಾ ಔಷಧಿಯ ಭ್ರಮೆ ಅದು ಎನ್ನುವವರಿದ್ದಾರೆ. ಏನೇ ಇರಲಿ, ಆ ನಂತರ ಅವರು ಬದುಕಿದ ಮೂವತ್ತಾರು ವರ್ಷ ಒಂದು ತೊಟ್ಟು ಕುಡಿಯಲಿಲ್ಲ.

ಮುಂದಿನ ಐದು ತಿಂಗಳು ಕಂಡಕಂಡ ಕುಡುಕರನ್ನೆಲ್ಲ ಹಿಡಿದು ತನ್ನ ಬೆಳಕಿನ ಕಥೆ ಹೇಳಿದರು. ಒಬ್ಬನೂ ಬಿಡಲಿಲ್ಲ. ಉಪದೇಶ ನಿಲ್ಲಿಸಿ ಮೊದಲು ರೋಗದ ವಿಷಯ ಹೇಳಿ ಎಂದು ಸಿಲ್ಕ್‌ವರ್ತ್ ತಿದ್ದಿದರು. ಆ ಮಾತು ಪರೀಕ್ಷೆಗೆ ಬಂದದ್ದು 1935ರ ಮೇ ತಿಂಗಳಲ್ಲಿ. ಕಂಪೆನಿಯೊಂದರ ಆಡಳಿತ ಕೈಗೆ ತೆಗೆದುಕೊಳ್ಳುವ ವ್ಯವಹಾರಕ್ಕೆಂದು ಓಹಿಯೋದ ಆಕ್ರನ್ ನಗರಕ್ಕೆ ಹೋಗಿದ್ದರು. ವ್ಯವಹಾರ ಬಿದ್ದುಹೋಯಿತು. ಮೇ 11, ಶನಿವಾರ. ಕಿಸೆಯಲ್ಲಿ ಸುಮಾರು ಹತ್ತು ಡಾಲರು. ಮೇಫ್ಲವರ್ ಹೋಟೆಲಿನ ಹಜಾರದ ಒಂದು ತುದಿಯಲ್ಲಿ ಬಾರು, ಇನ್ನೊಂದು ಕಡೆ ಟೆಲಿಫೋನು. ಬಾರಿನ ನಗು ಕೇಳಿಸುತ್ತಿತ್ತು. ತಾನು ಇಷ್ಟು ದಿನ ಉಳಿದದ್ದು ಬೇರೆ ಕುಡುಕರೊಡನೆ ಮಾತಾಡಿದ್ದರಿಂದ ಎಂದು ಅವರಿಗೆ ಹೊಳೆದದ್ದು ಆಗ. ಚರ್ಚುಗಳ ಪಟ್ಟಿ ನೋಡಿ ಪಾದ್ರಿಯೊಬ್ಬರಿಗೆ ಫೋನು ಮಾಡಿದರು. ಅವರು ಕೊಟ್ಟ ಹೆಸರುಗಳನ್ನು ಒಂದೊಂದಾಗಿ ವಿಚಾರಿಸುತ್ತ ಹೋಗಿ ಕೊನೆಗೆ ಹೆನ್ರಿಯೆಟ್ಟಾ ಸೈಬರ್ಲಿಂಗ್ ಎಂಬ ಮಹಿಳೆಯ ಮೂಲಕ ಒಬ್ಬ ಕುಡುಕ ಸರ್ಜನ್ನರ ಪತ್ತೆಯಾಯಿತು. ಅವರೇ ಡಾ. ಬಾಬ್ ಸ್ಮಿತ್.

ಮರುದಿನ ಸಂಜೆ ಐದು ಗಂಟೆಗೆ ಭೇಟಿ. ಹಿಂದಿನ ದಿನದ ಅಮಲಿನಿಂದ ಕೈ ನಡುಗುತ್ತಿದ್ದ ಡಾಕ್ಟರು ಹೆಂಡತಿಯಿಂದ ಹದಿನೈದೇ ನಿಮಿಷ ಎಂದು ಮಾತು ತೆಗೆದುಕೊಂಡು ಬಂದಿದ್ದರು. ಎದ್ದು ಹೋಗುವಾಗ ರಾತ್ರಿ ಹನ್ನೊಂದು ದಾಟಿತ್ತು. ಬಿಲ್ ಅವರಿಗೆ ಬುದ್ಧಿ ಹೇಳಲಿಲ್ಲ, ತಾನು ಉಳಿಯಬೇಕಾದರೆ ನಿಮ್ಮ ಸಹಾಯ ಬೇಕು ಎಂದು ಕೇಳಿದರು. ತನ್ನ ರೋಗವನ್ನು ಅನುಭವದಿಂದ ಬಲ್ಲ ಮೊದಲ ಮನುಷ್ಯ ಇವರು ಎಂದು ಡಾ. ಬಾಬ್ ಅವರಿಗೆ ಅನಿಸಿತು. ಜೂನಿನಲ್ಲಿ ವೈದ್ಯರ ಸಮ್ಮೇಳನಕ್ಕೆ ಹೋದ ಡಾಕ್ಟರು ಮತ್ತೆ ಕುಡಿದು ಬಿದ್ದರು. ಮರಳಿ ಬಂದ ಮೇಲೆ ಜೂನ್ 10ರಂದು ಅವರಿಗೆ ಒಂದು ಶಸ್ತ್ರಚಿಕಿತ್ಸೆಯಿತ್ತು. ಕೈ ನಡುಕ ನಿಲ್ಲಲೆಂದು ಬಿಲ್ ತಾವೇ ಒಂದು ಬಾಟಲಿ ಬಿಯರ್ ಕೊಟ್ಟು ಕಳುಹಿಸಿದರು. ಅದು ಡಾ. ಬಾಬ್ ಅವರ ಕೊನೆಯ ಕುಡಿತ. ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ., ಆ ದಿನವನ್ನೇ ತನ್ನ ಹುಟ್ಟುದಿನ ಎಂದು ಇಂದಿಗೂ ಆಚರಿಸುತ್ತದೆ. ತಿಂಗಳು ಮುಗಿಯುವ ಮೊದಲೇ ಆಸ್ಪತ್ರೆಯಲ್ಲಿದ್ದ ಒಬ್ಬ ವಕೀಲರು ಮೂರನೆಯವರಾದರು. ಡಾ. ಬಾಬ್ ಮುಂದೆ ಸಿಸ್ಟರ್ ಇಗ್ನೇಶಿಯಾ ಅವರ ಜೊತೆಗೂಡಿ ಆಕ್ರನ್ನಿನ ಸೈಂಟ್ ಥಾಮಸ್ ಆಸ್ಪತ್ರೆಯಲ್ಲಿ ಸಾವಿರಾರು ವ್ಯಸನಿಗಳಿಗೆ ತಮ್ಮ ಶುಲ್ಕವಿಲ್ಲದೆ ಚಿಕಿತ್ಸೆ ಕೊಟ್ಟು 1950ರಲ್ಲಿ ತೀರಿಕೊಂಡರು.

ಬ್ಯಾಂಕಿನವನಾದ ನನಗೆ ಈ ಸಂಸ್ಥೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕುತೂಹಲ ಅದರ ಲೆಕ್ಕಪತ್ರದ್ದು. ಟೌನ್ಸ್ ಆಸ್ಪತ್ರೆಯ ಮಾಲೀಕರು ಬಿಲ್ ಅವರಿಗೆ ಸಂಬಳದ ಕೆಲಸ ಕೊಡಲು ಮುಂದಾದರು. ಮನೆಯಲ್ಲಿ ಅಕ್ಕಿಗೆ ತತ್ವಾರ ಅನ್ನುವಂಥ ಸ್ಥಿತಿಯಿದ್ದರೂ, ಗೆಳೆಯರು ಬೇಡವೆಂದುದರಿಂದ ಒಲ್ಲೆ ಎಂದರು. ಆಸ್ಪತ್ರೆಗಳ ಸರಣಿ ಕಟ್ಟಬೇಕು, ಸಂಬಳದ ಪ್ರಚಾರಕರನ್ನು ಇಡಬೇಕು ಎಂದು ಕೋಟ್ಯಧೀಶ ಜಾನ್ ರಾಕ್‌ಫೆಲ್ಲರ್ ಅವರ ಬಾಗಿಲಿಗೆ ಹೋದರು. ಹಣ ಈ ಕೆಲಸವನ್ನು ಕೆಡಿಸುತ್ತದೆ ಎಂದ ರಾಕ್‌ಫೆಲ್ಲರ್ 1938ರಲ್ಲಿ ಕೊಟ್ಟದ್ದು 5,000 ಡಾಲರು ಮಾತ್ರ. 1939ರಲ್ಲಿ ಹನ್ನೆರಡು ಹೆಜ್ಜೆಗಳನ್ನು ವಿವರಿಸುವ ಪುಸ್ತಕ ಬಂತು, ಮಾರಾಟವಾಗಲಿಲ್ಲ. ಅದೇ ವರ್ಷ ಸಾಲದ ಬಾಕಿಗೆ ಬ್ರೂಕ್ಲಿನ್ ಮನೆಯೂ ಹೋಯಿತು. ಗಂಡ ಹೆಂಡತಿ ಎರಡು ವರ್ಷ ಸ್ನೇಹಿತರ ಮನೆಗಳಲ್ಲಿ ಅಲೆದರು. 1941ರ ಮಾರ್ಚಿನಲ್ಲಿ ಸ್ಯಾಟರ್ಡೇ ಈವನಿಂಗ್ ಪೋಸ್ಟ್ ಪತ್ರಿಕೆಯಲ್ಲಿ ಲೇಖನ ಬಂದ ಮೇಲೆ ಸದಸ್ಯರ ಸಂಖ್ಯೆ ಆ ವರ್ಷವೇ 2,000ದಿಂದ 8,000ಕ್ಕೆ ಏರಿತು.

ಇಷ್ಟಾದ ಮೇಲೆ ದಾನಿಗಳಿಗೆ ಬರವೇ? ಆದರೆ ಹೊರಗಿನವರ ದೇಣಿಗೆಯೇ ಬೇಡ, ಸಭೆಗೆ ಬಂದವರು ಹಾಕಿದ ಚಿಲ್ಲರೆಯಲ್ಲೇ ನಡೆಯಬೇಕು ಎಂಬ ನಿಯಮ ಬಂತು. 1948ರಲ್ಲಿ ಮಹಿಳೆಯೊಬ್ಬರು ಉಯಿಲಿನಲ್ಲಿ ಬಿಟ್ಟುಹೋದ 10,000 ಡಾಲರನ್ನು ಎ.ಎ. ಸ್ವೀಕರಿಸಲಿಲ್ಲ. ನೂರು ವರ್ಷ ಹಿಂದೆ, 1840ರಲ್ಲಿ, ಬಾಲ್ಟಿಮೋರಿನಲ್ಲಿ ಹುಟ್ಟಿದ್ದ ವಾಷಿಂಗ್ಟೋನಿಯನ್ ಎಂಬ ಇಂಥದೇ ಕೂಟ ಭಾರೀ ಬೆಳೆದು, ರಾಜಕೀಯ ಮತ್ತು ಪಾನನಿಷೇಧದ ಜಗಳಗಳಿಗೆ ಸಿಕ್ಕಿ ಹೇಳಹೆಸರಿಲ್ಲದೆ ಹೋದದ್ದು ಬಿಲ್ ಅವರಿಗೆ ಪಾಠವಾಗಿತ್ತು. 1950ರಲ್ಲಿ ಅಂಗೀಕಾರವಾದ ಹನ್ನೆರಡು ಸಂಪ್ರದಾಯಗಳಲ್ಲಿ ಹೆಸರು ಹೇಳಬಾರದು, ಆಸ್ತಿ ಕೂಡಿಸಬಾರದು, ಹೊರಗಿನ ವಿವಾದಕ್ಕೆ ತಲೆಹಾಕಬಾರದು ಎಂಬ ಕಟ್ಟುಪಾಡುಗಳಿವೆ. 1954ರಲ್ಲಿ ಯೇಲ್ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟನ್ನು ಬಿಲ್ ಬೇಡವೆಂದರು. ಟೈಮ್ ಪತ್ರಿಕೆ ಮುಖಪುಟಕ್ಕೆ ಕೇಳಿದರೂ ಒಪ್ಪಲಿಲ್ಲ. ಶಾಲು, ಹಾರ, ಸ್ಮರಣಿಕೆ ಇಲ್ಲದೆ ಒಂದು ಭಾನುವಾರವೂ ಕಳೆಯದ ನಮ್ಮ ಸಂಘ ಸಂಸ್ಥೆಗಳವರಿಗೆ ಇದು ವಿಚಿತ್ರವೆನಿಸಬಹುದು.

ಆದರೆ ಅವರನ್ನು ಸಂತರೆಂದು ಕರೆದರೆ ಸುಳ್ಳಾಗುತ್ತದೆ. 1944ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಖಿನ್ನತೆಯಿಂದ ನರಳಿದರು. 1956ರಲ್ಲಿ ವೈದ್ಯರ ಸಮಕ್ಷಮದಲ್ಲಿ ಎಲ್‌ಎಸ್‌ಡಿ ತೆಗೆದುಕೊಂಡು ಸ್ವಂತ ಬಳಗದ ಅಸಮಾಧಾನಕ್ಕೆ ಗುರಿಯಾದರು. ಪರಸ್ತ್ರೀ ಸಂಬಂಧಗಳಿದ್ದವು, ಲೋಯಿಸ್ ಸಹಿಸಿದ್ದು ಕುಡಿತವನ್ನು ಮಾತ್ರವಲ್ಲ. ಸಿಗರೇಟನ್ನು ಬಿಡಲು ಬಹುಕಾಲ ಆಗಲೇ ಇಲ್ಲ, ಶ್ವಾಸಕೋಶ ಅದರಿಂದಲೇ ಹಾಳಾಯಿತು. ಕೊನೆಯ ವಾರಗಳಲ್ಲಿ ಹಾಸಿಗೆಯಲ್ಲಿದ್ದಾಗ ವಿಸ್ಕಿ ಕೇಳಿದರೆಂದು ದಾದಿಯರ ದಾಖಲೆಗಳಲ್ಲಿದೆ. ಕೊಡಲಿಲ್ಲ. ಮೂವತ್ತಾರು ವರ್ಷದ ನಂತರವೂ ಆ ರೋಗ ಒಳಗೇ ಕುಳಿತಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. 1971ರ ಜನವರಿ 24ರಂದು, ಮದುವೆಯ 53ನೆಯ ವಾರ್ಷಿಕದ ದಿನ, ಫ್ಲೋರಿಡಾದ ಮಯಾಮಿ ಬೀಚ್‌ನಲ್ಲಿ ನಿಧನರಾದರು. ಈಸ್ಟ್ ಡಾರ್ಸೆಟ್ಟಿನ ಅವರ ಗೋರಿಕಲ್ಲಿನ ಮೇಲೆ ಎ.ಎ.ಯ ಹೆಸರೇ ಇಲ್ಲ.

ಎ.ಎ. ಇಂದು ಸುಮಾರು 180 ದೇಶಗಳಲ್ಲಿದೆ. ಅದೇ ಹನ್ನೆರಡು ಹೆಜ್ಜೆಗಳನ್ನು ಹಿಡಿದು 1953ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮಾದಕ ವಸ್ತುಗಳ ವ್ಯಸನಿಗಳಿಗಾಗಿ ನಾರ್ಕೋಟಿಕ್ಸ್ ಅನಾನಿಮಸ್ ಹುಟ್ಟಿತು. ಇವೆಲ್ಲ ಬರೀ ಭಜನೆ ಎಂದು ಹೀಗಳೆಯುವವರಿಗೆ 2020ರಲ್ಲಿ ಕಾಕ್ರೇನ್ ಸಂಸ್ಥೆಯ ಪರಿಶೀಲನೆ ಉತ್ತರ ಕೊಟ್ಟಿದೆ: 27 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಪೂರ್ತಿ ಮದ್ಯ ಬಿಟ್ಟು ನಿಲ್ಲುವ ವಿಷಯದಲ್ಲಿ ಎ.ಎ.ಗೆ ಸೇರಿಸುವ ಕ್ರಮಬದ್ಧ ಚಿಕಿತ್ಸೆ ಇತರ ಮಾನಸಿಕ ಚಿಕಿತ್ಸೆಗಳಿಗಿಂತ ಮುಂದಿತ್ತು. ಹಾಗೆಂದು ಎಲ್ಲರಿಗೂ ಇದು ಒಗ್ಗುವುದಿಲ್ಲ. ದಿನವಿಡೀ ಕುಡಿಯುವವನನ್ನು ಮನೆಯಲ್ಲಿ ಕೂಡಿಹಾಕಿ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗಬಹುದು. ಮೊದಲು ವೈದ್ಯರು, ಆಮೇಲೆ ಸಭೆ.

ಭಾರತದಲ್ಲಿ ಎ.ಎ. ಬೇರೂರಿದ್ದು 1957ರಲ್ಲಿ, ನಮ್ಮ ಮುಂಬಯಿಯಲ್ಲೇ. ಶಾಲೆಯ ತರಗತಿಗಳಲ್ಲಿ, ಚರ್ಚಿನ ಸಭಾಗೃಹಗಳಲ್ಲಿ ಸಂಜೆ ಸಭೆಗಳು ನಡೆಯುತ್ತವೆ. ಶುಲ್ಕವಿಲ್ಲ, ಜಾತಿ ಧರ್ಮ ಕೇಳುವುದಿಲ್ಲ, ಪೂರ್ತಿ ಹೆಸರೂ ಬೇಕಿಲ್ಲ. ಬಾಂದ್ರಾದಲ್ಲಿ 1981ರಲ್ಲಿ ಫಾದರ್ ಜೋ ಪಿರೇರಾ ಆರಂಭಿಸಿದ ಕೃಪಾ ಫೌಂಡೇಶನ್ ಈ ಹೆಜ್ಜೆಗಳಿಗೆ ಯೋಗವನ್ನೂ ಸೇರಿಸಿಕೊಂಡಿದೆ. ಊರಿನಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳನ್ನು ನಮ್ಮವರು ಬಲ್ಲರು. ಅದರ ದಾರಿ ಬೇರೆ, ಆದರೆ ಶಿಬಿರ ಮುಗಿದ ಮೇಲೆ ಬಿಟ್ಟವರೆಲ್ಲ ನವಜೀವನ ಸಮಿತಿಗಳಲ್ಲಿ ಮತ್ತೆ ಮತ್ತೆ ಸೇರುವುದರಲ್ಲಿ ಆಕ್ರನ್ನಿನ ಆ ಸಂಜೆಯ ಗುಟ್ಟೇ ಇದೆ. ಕೇಂದ್ರ ಸರಕಾರದ ಶುಲ್ಕರಹಿತ ಸಹಾಯವಾಣಿ 14446 ಇದೆ.

ಇಲ್ಲಿ ತೊಡಕು ನಾಚಿಕೆಯದು. ಮಗಳ ಸಂಬಂಧ ತಪ್ಪೀತು, ಸಂಘದಲ್ಲಿ ತಲೆ ತಗ್ಗೀತು ಎಂದು ಮನೆಯವರು ಬಾಗಿಲು ಹಾಕಿಕೊಳ್ಳುತ್ತಾರೆ. ಕ್ಯಾಂಟೀನಿನಲ್ಲಿ, ಹೋಟೆಲಿನಲ್ಲಿ ಒಂಟಿಯಾಗಿ ದುಡಿಯುವ ಹುಡುಗನ ಸುದ್ದಿ ಊರಿಗೆ ತಲುಪುವಾಗ ಹೊತ್ತು ಮೀರಿರುತ್ತದೆ. ಲೋಯಿಸ್ ಅವರ ಕೆಲಸ ಇಂಥ ಮನೆಯವರಿಗಾಗಿ. ಬಿಲ್ ಸಭೆ ನಡೆಸುವಾಗ ಹೊರಗೆ ಕಾರುಗಳಲ್ಲಿ, ಅಡುಗೆಮನೆಗಳಲ್ಲಿ ಕಾಯುತ್ತಿದ್ದ ಹೆಂಡಿರನ್ನು ಕೂಡಿಸಿ 1951ರಲ್ಲಿ ಅವರು ಆಲ್-ಅನಾನ್ ಸ್ಥಾಪಿಸಿದರು. ಗಂಡನ ಮರಣದ ನಂತರ ಹದಿನೇಳು ವರ್ಷ ಅದನ್ನೇ ನಡೆಸಿ 1988ರಲ್ಲಿ ತೀರಿಕೊಂಡರು. ಮುಂಬಯಿಯಲ್ಲಿಯೂ ಅದರ ಸಭೆಗಳು ನಡೆಯುತ್ತವೆ. ಅಲ್ಲಿಗೆ ಹೋಗಲು ಮನೆಯ ಕುಡುಕ ಬಿಟ್ಟಿರಬೇಕೆಂದಿಲ್ಲ, ಅವನ ಒಪ್ಪಿಗೆಯೂ ಬೇಡ.