ವಿ. ಎಂ. ಘಾಟ್ಗೆ

ಡಾ. ವಿಷ್ಣು ಮಾಧವ ಘಾಟ್ಗೆ (24 ಅಕ್ಟೋಬರ್ 1908 – 6 ಡಿಸೆಂಬರ್ 1991) ಭಾರತದ ವೈಮಾನಿಕ ತಂತ್ರಜ್ಞರು ಹಾಗೂ ವಿಮಾನ ವಿನ್ಯಾಸಕಾರರು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯಲ್ಲಿ (ಇಂದಿನ ಎಚ್‌ಎಎಲ್) ಎಚ್‌ಟಿ-2 ತರಬೇತಿ ವಿಮಾನವನ್ನು ರೂಪಿಸಿದ ತಂಡಕ್ಕೆ ಇವರು ಮುಖ್ಯಸ್ಥರಾಗಿದ್ದರು. ಎಚ್‌ಟಿ-2 ಭಾರತೀಯರೇ ವಿನ್ಯಾಸಗೊಳಿಸಿ, ಭಾರತದಲ್ಲಿಯೇ ನಿರ್ಮಿಸಿ, ಹೆಚ್ಚಿನ ಸಂಖ್ಯೆಯಲ್ಲಿ ಬಳಕೆಗೆ ತಂದ ಮೊದಲ ವಿಮಾನವಾಗಿದೆ. ಫ್ಲೈಯಿಂಗ್ ಕ್ಲಬ್‌ಗಳಿಗಾಗಿ ನಿರ್ಮಾಣಗೊಂಡ ಪುಷ್ಪಕ್, ಭೂಸೇನೆಯ ವೀಕ್ಷಣಾ ವಿಮಾನ ಕೃಷಕ್ ಮತ್ತು ಜೆಟ್ ತರಬೇತಿ ವಿಮಾನ ಕಿರಣ್ ಇವರ ಕಾಲದ ಇತರ ಪ್ರಮುಖ ವಿಮಾನಗಳು. 1965ರಲ್ಲಿ ಭಾರತ ಸರ್ಕಾರವು ಇವರಿಗೆ ಪದ್ಮಶ್ರೀ ಪ್ರಶಸ್ತಿ ನೀಡಿ ಗೌರವಿಸಿತು.

ಜನನ ಮತ್ತು ವಿದ್ಯಾಭ್ಯಾಸ

ಘಾಟ್ಗೆಯವರು ಕೊಲ್ಹಾಪುರ ಜಿಲ್ಲೆಯ ಹಸೂರಚಂಪು ಎಂಬ ಗ್ರಾಮದಲ್ಲಿ ಜನಿಸಿದರು. ಈ ಗ್ರಾಮವು ಕರ್ನಾಟಕದ ಗಡಿಗೆ ಹೊಂದಿಕೊಂಡಿರುವ ಗಡಹಿಂಗ್ಲಜ ತಾಲ್ಲೂಕಿಗೆ ಸೇರಿದೆ. ಪುಣೆ ಹಾಗೂ ಮುಂಬಯಿಗಳಲ್ಲಿ ವಿಜ್ಞಾನದ ಪದವಿ ಶಿಕ್ಷಣವನ್ನು ಮುಗಿಸಿದ ಇವರು ಉನ್ನತ ವ್ಯಾಸಂಗಕ್ಕಾಗಿ ಜರ್ಮನಿಯ ಗ್ಯಾಟಿಂಗೆನ್ ವಿಶ್ವವಿದ್ಯಾನಿಲಯಕ್ಕೆ ತೆರಳಿದರು. ಅಲ್ಲಿ ಇವರ ಮಾರ್ಗದರ್ಶಕರಾಗಿದ್ದವರು ಲುಡ್ವಿಗ್ ಪ್ರಾಂಟ್ಲ್. ಹರಿಯುವ ಗಾಳಿಯು ವಸ್ತುವಿನ ಮೈಗೆ ತಾಗಿದಲ್ಲಿ ಉಂಟಾಗುವ ತೆಳುವಾದ ಪದರವೇ ಘರ್ಷಣೆಗೆ ಕಾರಣವೆಂಬುದನ್ನು 1904ರಲ್ಲಿ ವಿವರಿಸಿದ ಪ್ರಾಂಟ್ಲ್ ಅವರು ಆಧುನಿಕ ವಾಯುಚಲನ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರೆಂದು ಪರಿಗಣಿತರಾಗಿದ್ದಾರೆ. ಅವರ ಬಳಿ ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದ ಘಾಟ್ಗೆಯವರು ಎರಡನೆಯ ಮಹಾಯುದ್ಧಕ್ಕೆ ಮುನ್ನವೇ ಸ್ವದೇಶಕ್ಕೆ ಮರಳಿದರು. ಆ ವೇಳೆಗೆ ಭಾರತದಲ್ಲಿ ವಿಮಾನ ಕಾರ್ಖಾನೆ ಒಂದೂ ಇರಲಿಲ್ಲ.

ಬೆಂಗಳೂರಿಗೆ ಆಗಮನ

ಉದ್ಯಮಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಭಾಗಿತ್ವದೊಂದಿಗೆ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದರು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಘಾಟ್ಗೆಯವರು ಈ ಸಂಸ್ಥೆಯನ್ನು ಸೇರಿದ ಮೊದಮೊದಲ ಭಾರತೀಯ ಎಂಜಿನಿಯರುಗಳಲ್ಲಿ ಒಬ್ಬರು. ಅಮೆರಿಕದಿಂದ ಬಂದ ತಂತ್ರಜ್ಞರ ನೆರವಿನಿಂದ ಹಾರ್ಲೋ ತರಬೇತಿ ವಿಮಾನವನ್ನು ಇಲ್ಲಿ ಜೋಡಿಸಲಾಯಿತು. ಅದೇ ಕಾಲದಲ್ಲಿ, 1941ರಲ್ಲಿ, ಹತ್ತು ಮಂದಿಯನ್ನು ಹೊರಬಲ್ಲ ಜಿ-1 ಎಂಬ ಎಂಜಿನ್‌ರಹಿತ ಗ್ಲೈಡರ್‌ನ ವಿನ್ಯಾಸವನ್ನು ಘಾಟ್ಗೆಯವರು ಕೈಗೊಂಡರು. ಅದರ ನಿರ್ಮಾಣ ಮುಂದುವರಿಯಲಿಲ್ಲವಾದರೂ ಕಾಗದದ ಮೇಲಿನ ಲೆಕ್ಕಾಚಾರವನ್ನು ಕಾರ್ಖಾನೆಯಲ್ಲಿ ವಸ್ತುರೂಪಕ್ಕೆ ತರುವ ಅನುಭವ ಅದರಿಂದ ದೊರೆಯಿತು.

ಯುದ್ಧ ತೀವ್ರಗೊಂಡಂತೆ ಕಾರ್ಖಾನೆಯ ಸ್ವರೂಪವೇ ಬದಲಾಯಿತು. 1943ರಲ್ಲಿ ಅದು ಅಮೆರಿಕ ಸೈನ್ಯದ ವಾಯುದಳದ ವಶಕ್ಕೆ ಹೋಗಿ, ಹೊಸ ವಿಮಾನಗಳ ತಯಾರಿಕೆಗಿಂತ ಬಳಸಿದ ವಿಮಾನಗಳ ದುರಸ್ತಿಯೇ ಅಲ್ಲಿನ ಮುಖ್ಯ ಕೆಲಸವಾಯಿತು. ಈ ಮಾರ್ಪಾಡು ತಾತ್ಕಾಲಿಕವಾಗಿ ವಿನ್ಯಾಸ ಕಾರ್ಯಕ್ಕೆ ಹಿನ್ನಡೆಯಾದರೂ ಬೆಂಗಳೂರಿನ ನೂರಾರು ಕುಶಲಕರ್ಮಿಗಳಿಗೆ ಅದು ಪಾಠಶಾಲೆಯೇ ಆಯಿತು. ಲೋಹದ ತಗಡನ್ನು ಮತ್ತೆ ಹೊದಿಸುವುದು, ಸವೆದ ಭಾಗವನ್ನು ಅಳೆದು ಬದಲಿಸುವುದು, ಎಂಜಿನ್ನನ್ನು ಪೂರ್ಣವಾಗಿ ಬಿಚ್ಚಿ ಜೋಡಿಸುವುದು ಇಲ್ಲಿಯೇ ರೂಢಿಯಾಯಿತು. ಸ್ವಾತಂತ್ರ್ಯಾನಂತರ ಕಾನ್ಪುರದಲ್ಲಿ ನಿರುಪಯುಕ್ತವೆಂದು ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರ್ ವಿಮಾನಗಳಲ್ಲಿ ನಲವತ್ತರಷ್ಟನ್ನು ಬೆಂಗಳೂರಿಗೆ ತಂದು ಪುನರುಜ್ಜೀವನಗೊಳಿಸಿ ಭಾರತೀಯ ವಾಯುಪಡೆಗೆ ಒಪ್ಪಿಸಲು ಸಾಧ್ಯವಾದದ್ದು ಈ ಅನುಭವದ ಬಲದಿಂದಲೇ.

ಬೋಧಕರಾಗಿ

1942ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗವು ಆರಂಭವಾಯಿತು. ಅದನ್ನು ಕಟ್ಟಿದವರಲ್ಲಿ ಘಾಟ್ಗೆಯವರು ಪ್ರಮುಖರು. ಅಲ್ಲಿ ತರಬೇತಿ ಪಡೆದ ಯುವಕರು ಮುಂದೆ ಕಾರ್ಖಾನೆಯ ವಿನ್ಯಾಸ ವಿಭಾಗಕ್ಕೆ ಆಧಾರವಾದರು. ಕಲಿಸುವ ಸಂಸ್ಥೆಯೂ ನಿರ್ಮಿಸುವ ಕಾರ್ಖಾನೆಯೂ ಒಂದೇ ನಗರದಲ್ಲಿದ್ದುದು ಬೆಂಗಳೂರನ್ನು ದೇಶದ ವೈಮಾನಿಕ ಕೇಂದ್ರವನ್ನಾಗಿ ಮಾಡಿತು.

ಎಚ್‌ಟಿ-2

ವಾಯುಪಡೆಯ ಹೊಸಬರು ಅಂದಿನವರೆಗೆ ಹಾರಾಟ ಕಲಿಯುತ್ತಿದ್ದುದು ಬ್ರಿಟನ್ನಿನ ಟೈಗರ್ ಮಾತ್ ವಿಮಾನಗಳಲ್ಲಿ. ಬಟ್ಟೆ ಹೊದಿಸಿದ ಆ ದ್ವಿಪರ್ಣಿ ವಿಮಾನಗಳು ಹಳೆಯದಾಗಿದ್ದವು. ಅವುಗಳಿಗೆ ಬದಲಾಗಿ ದೇಶದಲ್ಲಿಯೇ ತರಬೇತಿ ವಿಮಾನವನ್ನು ರೂಪಿಸುವ ಹೊಣೆ ಘಾಟ್ಗೆಯವರ ತಂಡದ ಮೇಲೆ ಬಿತ್ತು. ಪರವಾನಗಿ ಪಡೆದು ವಿದೇಶಿ ವಿಮಾನವನ್ನು ತಯಾರಿಸುವ ಸುಲಭ ಮಾರ್ಗವೂ ಇತ್ತು. ಪ್ರೆಂಟಿಸ್ ವಿಮಾನವನ್ನು ಅದೇ ಕಾರ್ಖಾನೆಯಲ್ಲಿ ಆ ರೀತಿಯಲ್ಲಿ ನಿರ್ಮಿಸಲಾಗುತ್ತಿತ್ತು. ಆದರೆ ಪರವಾನಗಿಯ ವಿಮಾನದಲ್ಲಿ ಬದಲಾವಣೆ ಮಾಡಲು ಮೂಲ ವಿನ್ಯಾಸಕಾರರ ಒಪ್ಪಿಗೆ ಬೇಕು. ಸ್ವಂತ ವಿನ್ಯಾಸವಾದರೆ ಪ್ರತಿಯೊಂದು ಭಾಗದ ಲೆಕ್ಕಾಚಾರವೂ ನಕ್ಷೆಯೂ ತಯಾರಕರ ಬಳಿಯೇ ಇರುತ್ತದೆ.

ಎಚ್‌ಟಿ-2 ವಿಮಾನವು 1951ರ ಆಗಸ್ಟ್ 5ರಂದು ಬೆಂಗಳೂರಿನಲ್ಲಿ ಮೊದಲ ಬಾರಿಗೆ ಹಾರಿತು. ಪರೀಕ್ಷಾ ಚಾಲಕರಾಗಿದ್ದವರು ಕ್ಯಾಪ್ಟನ್ ಜಮ್‌ಶೆಡ್ ಮುನ್ಷಿ. ರೆಕ್ಕೆಗಳು ಒಡಲಿನ ಕೆಳಭಾಗದಲ್ಲಿರುವ, ಪೂರ್ಣ ಲೋಹದ ಈ ವಿಮಾನದಲ್ಲಿ ಶಿಷ್ಯ ಮತ್ತು ಶಿಕ್ಷಕರಿಗೆ ಒಂದರ ಹಿಂದೆ ಒಂದರಂತೆ ಎರಡು ಆಸನಗಳಿವೆ. ಚಕ್ರಗಳು ಮಡಚಿಕೊಳ್ಳುವುದಿಲ್ಲ. ಮೊದಲ ಮಾದರಿಯಲ್ಲಿ ಜಿಪ್ಸಿ ಮೇಜರ್ ಎಂಜಿನ್ ಇತ್ತು. 1952ರಲ್ಲಿ ಹಾರಿದ ಎರಡನೆಯ ಮಾದರಿಯಲ್ಲಿ 155 ಅಶ್ವಶಕ್ತಿಯ ಸಿರಸ್ ಮೇಜರ್ ಎಂಜಿನ್ನನ್ನು ಅಳವಡಿಸಲಾಯಿತು. ಒಟ್ಟು ಸುಮಾರು 170 ವಿಮಾನಗಳು ನಿರ್ಮಾಣಗೊಂಡವು. ವಾಯುಪಡೆ ಮತ್ತು ನೌಕಾಪಡೆಗಳಲ್ಲದೆ ಫ್ಲೈಯಿಂಗ್ ಕ್ಲಬ್‌ಗಳೂ ಅವನ್ನು ಬಳಸಿದವು. ಹೊಸದಾಗಿ ಸ್ವತಂತ್ರವಾಗಿದ್ದ ಘಾನಾ ದೇಶವು ತನ್ನ ವಾಯುಪಡೆಯನ್ನು ಆರಂಭಿಸಿದಾಗ 12 ಎಚ್‌ಟಿ-2 ವಿಮಾನಗಳನ್ನು ಪಡೆದುಕೊಂಡಿತು.

ದಶಕಗಳು ಕಳೆದಂತೆ ಸಿರಸ್ ಮೇಜರ್ ಎಂಜಿನ್ ಹಳೆಯದಾಯಿತು. ಆದರೆ ವಿಮಾನದ ಒಡಲು ಇನ್ನೂ ಸುಸ್ಥಿತಿಯಲ್ಲಿತ್ತು. ಆದ್ದರಿಂದ ವಾಯುಪಡೆಯ ಎಚ್‌ಟಿ-2 ವಿಮಾನಗಳಿಗೆ 160 ಅಶ್ವಶಕ್ತಿಯ ಅಮೆರಿಕನ್ ಲೈಕಮಿಂಗ್ ಎಂಜಿನ್ನನ್ನು ಅಳವಡಿಸಲಾಯಿತು. ಎಂಜಿನ್ನಿನ ತೂಕವೂ ಆಕಾರವೂ ಬದಲಾದಾಗ ವಿಮಾನದ ತೂಕದ ಕೇಂದ್ರವೂ ಬದಲಾಗುತ್ತದೆ. ಮೂಗಿನ ಭಾಗದ ರಚನೆಯನ್ನು ಮತ್ತೆ ಲೆಕ್ಕ ಹಾಕಬೇಕಾಗುತ್ತದೆ. ಮೂಲ ನಕ್ಷೆಗಳು ದೇಶದಲ್ಲಿಯೇ ಇದ್ದುದರಿಂದ ಇದು ಸುಸಾಧ್ಯವಾಯಿತು. ಹೀಗೆ ನವೀಕರಣಗೊಂಡ ವಿಮಾನಗಳು ಮೂರು ದಶಕಗಳಿಗೂ ಹೆಚ್ಚು ಕಾಲ ತರಬೇತಿ ನೀಡಿದವು.

ಪುಷ್ಪಕ್ ಮತ್ತು ಕೃಷಕ್

ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯು 1948ರಲ್ಲಿ ಆರಂಭವಾಯಿತು. ದೇಶದ ಇತರ ನಗರಗಳಲ್ಲಿಯೂ ಫ್ಲೈಯಿಂಗ್ ಕ್ಲಬ್‌ಗಳಿದ್ದವು. ನಾಗರಿಕರು ಹಾರಾಟ ಕಲಿಯಲು ಹಾಗೂ ಆಸಕ್ತರು ಸ್ವಂತಕ್ಕೆ ಇಟ್ಟುಕೊಳ್ಳಲು ಸೇನೆಯ ತರಬೇತಿ ವಿಮಾನಕ್ಕಿಂತ ಹಗುರವಾದ, ಕಡಿಮೆ ಇಂಧನ ಬಳಸುವ ವಿಮಾನವೊಂದರ ಅಗತ್ಯವಿತ್ತು. ಈ ಅಗತ್ಯವನ್ನು ಪೂರೈಸಿದ್ದು 1958ರ ಸೆಪ್ಟೆಂಬರ್ 28ರಂದು ಮೊದಲು ಹಾರಿದ ಪುಷ್ಪಕ್. ಅಮೆರಿಕದ ಏರೋಂಕಾ ಚೀಫ್ ವಿಮಾನವನ್ನು ಹೋಲುವ ಇದರಲ್ಲಿ ರೆಕ್ಕೆಗಳು ತಲೆಯ ಮೇಲ್ಭಾಗದಲ್ಲಿವೆ. ಇಬ್ಬರು ಅಕ್ಕಪಕ್ಕದಲ್ಲಿ ಕುಳಿತುಕೊಳ್ಳುತ್ತಾರೆ. ರೆಕ್ಕೆಯ ಅಗಲ ಸುಮಾರು 11 ಮೀಟರ್, ಎಂಜಿನ್ನಿನ ಶಕ್ತಿ 90 ಅಶ್ವಶಕ್ತಿ. ಇಂಧನ ಮತ್ತು ಇಬ್ಬರು ಸವಾರರೂ ಸೇರಿ ಗರಿಷ್ಠ ತೂಕ ಸುಮಾರು 610 ಕಿಲೋಗ್ರಾಂ. ನೂರೈವತ್ತಕ್ಕೂ ಹೆಚ್ಚು ಪುಷ್ಪಕ್ ವಿಮಾನಗಳು ನಿರ್ಮಾಣಗೊಂಡವು. ಭಾರತದ ಅನೇಕ ನಾಗರಿಕ ವಿಮಾನ ಚಾಲಕರು ಮೊದಲ ಬಾರಿಗೆ ಒಂಟಿಯಾಗಿ ಹಾರಿದ್ದು ಇದರಲ್ಲಿಯೇ.

ಪುಷ್ಪಕ್‌ನ ರಚನೆಯನ್ನೇ ಹಿಗ್ಗಿಸಿ, ಹೆಚ್ಚು ಶಕ್ತಿಯ ಎಂಜಿನ್ ಅಳವಡಿಸಿ ಕೃಷಕ್ ವಿಮಾನವನ್ನು ರೂಪಿಸಲಾಯಿತು. ಇದರ ಮೊದಲ ಹಾರಾಟ 1959ರಲ್ಲಿ ನಡೆಯಿತು. ನಾಗರಿಕ ಮಾರುಕಟ್ಟೆಯಲ್ಲಿ ಇದಕ್ಕೆ ಬೇಡಿಕೆ ಬರಲಿಲ್ಲ. ಕೆಲವು ವರ್ಷಗಳ ನಂತರ ಭೂಸೇನೆಗೆ ವೀಕ್ಷಣಾ ವಿಮಾನಗಳು ಬೇಕಾದಾಗ 225 ಅಶ್ವಶಕ್ತಿಯ ಎಂಜಿನ್‌ನೊಂದಿಗೆ ಇದರ ತಯಾರಿಕೆ ಆರಂಭವಾಯಿತು.

ಸಣ್ಣ ವಿಮಾನದ ನಿರ್ವಹಣೆ

ಪುಷ್ಪಕ್ ಮಾದರಿಯ ವಿಮಾನದ ವಿಶೇಷತೆಯು ಅದರ ವೇಗದಲ್ಲಿ ಇಲ್ಲ. ಅದನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳಬಹುದಾದ ಸರಳತೆಯಲ್ಲಿದೆ. ಇದರ ಒಡಲು ಬೆಸುಗೆ ಹಾಕಿದ ಉಕ್ಕಿನ ಕೊಳವೆಗಳ ಚೌಕಟ್ಟು. ಅದರ ಮೇಲೆ ಬಟ್ಟೆಯನ್ನು ಹೊದಿಸಿ, ಡೋಪ್ ಎಂಬ ದ್ರವವನ್ನು ಹಲವು ಸಲ ಬಳಿಯುತ್ತಾರೆ. ಅದು ಒಣಗುವಾಗ ಬಟ್ಟೆಯು ತಮಟೆಯ ಚರ್ಮದಂತೆ ಬಿಗಿಯಾಗುತ್ತದೆ. ಬಿಸಿಲು ಮತ್ತು ತೇವಾಂಶಗಳಿಂದ ಬಟ್ಟೆಯ ಬಲ ಕ್ರಮೇಣ ಕುಂದುತ್ತದೆ. ಆದ್ದರಿಂದ ನಿಯತವಾಗಿ ಅದರ ಬಲವನ್ನು ಪರೀಕ್ಷಿಸಿ, ಕುಂದಿದ್ದರೆ ಪೂರ್ತಿ ತೆಗೆದು ಹೊಸದನ್ನು ಹೊದಿಸಬೇಕು. ಬಟ್ಟೆ ತೆಗೆದ ಸಂದರ್ಭವೇ ಒಳಗಿನ ಕೊಳವೆಗಳನ್ನು ನೋಡಲು ತಕ್ಕ ಸಮಯ. ನೀರು ಇಳಿದು ನಿಲ್ಲುವ ಬಾಲದ ಕೆಳಭಾಗದಲ್ಲಿ ಮೊದಲು ತುಕ್ಕು ಹಿಡಿಯುತ್ತದೆ. ಅಂಥ ತುಂಡನ್ನು ಕತ್ತರಿಸಿ ಹೊಸ ಕೊಳವೆಯನ್ನು ಬೆಸೆಯಬಹುದು.

ನಾಲ್ಕು ಸಿಲಿಂಡರ್‌ಗಳ ಎಂಜಿನ್‌ನಲ್ಲಿ ಪ್ರತಿ ಸಿಲಿಂಡರಿಗೂ ಎರಡೆರಡು ಸ್ಪಾರ್ಕ್ ಪ್ಲಗ್‌ಗಳಿವೆ. ಅವುಗಳಿಗೆ ಕಿಡಿ ಒದಗಿಸಲು ಎರಡು ಪ್ರತ್ಯೇಕ ಮ್ಯಾಗ್ನೆಟೋಗಳಿವೆ. ಒಂದು ಕೆಟ್ಟರೂ ಇನ್ನೊಂದರಿಂದ ಎಂಜಿನ್ ನಡೆಯುತ್ತದೆ. ಪ್ರತಿ ಹಾರಾಟಕ್ಕೆ ಮುನ್ನ ಚಾಲಕನು ಎರಡನ್ನೂ ಒಂದೊಂದಾಗಿ ಪರೀಕ್ಷಿಸುತ್ತಾನೆ. ಪುಷ್ಪಕ್‌ನಲ್ಲಿ ವಿದ್ಯುತ್ ಸ್ಟಾರ್ಟರ್ ಇಲ್ಲದ ಕಾರಣ ಚಕ್ರಗಳಿಗೆ ಅಡೆಗಲ್ಲು ಕೊಟ್ಟು, ಒಳಗೆ ಒಬ್ಬರು ಬ್ರೇಕ್ ಹಿಡಿದಿರುವಾಗ ಮತ್ತೊಬ್ಬರು ಕೈಯಿಂದ ಪ್ರೊಪೆಲ್ಲರ್ ತಿರುಗಿಸಬೇಕು. ತಪ್ಪಿದರೆ ಪ್ರಾಣಾಪಾಯವಿರುವ ಕೆಲಸ ಇದು.

ಇಂಥ ವಿಮಾನಕ್ಕೆ ಹೊಸ ಸಾಧನಗಳನ್ನು ಸೇರಿಸುವುದು ಮಾಲೀಕರ ಇಚ್ಛೆಗೆ ಮಾತ್ರ ಬಿಟ್ಟ ವಿಷಯವಲ್ಲ. ರೇಡಿಯೋ ಬೇಕಾದರೆ ಬ್ಯಾಟರಿ ಬೇಕು, ಬ್ಯಾಟರಿ ಇಟ್ಟರೆ ತೂಕ ಹೆಚ್ಚುತ್ತದೆ. ಗರಿಷ್ಠ ತೂಕದ ಮಿತಿ ಬದಲಾಗದ ಕಾರಣ ಹೆಚ್ಚಿದಷ್ಟು ತೂಕವನ್ನು ಇಂಧನದಲ್ಲಿಯೋ ಸವಾರರಲ್ಲಿಯೋ ಕಳೆಯಬೇಕಾಗುತ್ತದೆ. ಮಾರ್ಪಾಡಿಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳ ಪ್ರಕಾರ ಅನುಮೋದನೆ ಪಡೆಯಬೇಕು. ಪರವಾನಗಿ ಹೊಂದಿದ ಎಂಜಿನಿಯರ್ ಪರೀಕ್ಷಿಸಿ ಸಹಿ ಮಾಡಬೇಕು, ಪ್ರತಿಯೊಂದು ಕೆಲಸವೂ ದಾಖಲೆ ಪುಸ್ತಕದಲ್ಲಿ ನಮೂದಾಗಬೇಕು. ದಾಖಲೆಯಿಲ್ಲದ ವಿಮಾನ ಎಷ್ಟೇ ಚೆನ್ನಾಗಿದ್ದರೂ ಹಾರಾಟಕ್ಕೆ ಯೋಗ್ಯವೆನಿಸುವುದಿಲ್ಲ.

ತಯಾರಿಕೆ ನಿಂತ ಮೇಲೆ ಹಳೆಯ ವಿಮಾನದ ಆಯುಷ್ಯವು ಬಿಡಿಭಾಗಗಳನ್ನು ಅವಲಂಬಿಸುತ್ತದೆ. ಪುಷ್ಪಕ್‌ನ ಕಾಂಟಿನೆಂಟಲ್ ಎಂಜಿನ್ ಲೋಕದ ಬೇರೆ ಸಣ್ಣ ವಿಮಾನಗಳಲ್ಲಿಯೂ ಇದ್ದುದರಿಂದ ಅದರ ಭಾಗಗಳು ಹೊರಗಿನಿಂದ ದೊರೆಯುತ್ತಿದ್ದವು. ಒಡಲು ಮತ್ತು ರೆಕ್ಕೆಗಳ ಭಾಗಗಳಿಗೆ ಮಾತ್ರ ಬೆಂಗಳೂರಿನ ತಯಾರಿಕೆಯೇ ಮೂಲ. ಅದು ನಿಂತ ಬಳಿಕ ಅವುಗಳ ಕೊರತೆ ಸಹಜವಾಗಿಯೇ ಎದುರಾಯಿತು. ಜಕ್ಕೂರೂ ಸೇರಿದಂತೆ ತರಬೇತಿ ಕೇಂದ್ರಗಳಲ್ಲಿ ಅಮೆರಿಕದ ಸೆಸ್ನಾ ವಿಮಾನಗಳು ಬಳಕೆಗೆ ಬಂದವು. ಸಣ್ಣ ವಿಮಾನದ ವಿನ್ಯಾಸದಲ್ಲಿ ಅಷ್ಟು ಬೇಗ ಸ್ವಾವಲಂಬನೆ ಸಾಧಿಸಿದ್ದ ದೇಶವು ಅದೇ ಕ್ಷೇತ್ರದಲ್ಲಿ ಮತ್ತೆ ಆಮದನ್ನು ನೆಚ್ಚಬೇಕಾಯಿತು.

ಕಿರಣ್

1956ರಲ್ಲಿ ಜರ್ಮನಿಯ ಕುರ್ಟ್ ಟಾಂಕ್ ಅವರು ಬೆಂಗಳೂರಿಗೆ ಬಂದು ಮಾರುತ್ ಯುದ್ಧವಿಮಾನದ ವಿನ್ಯಾಸವನ್ನು ಕೈಗೆತ್ತಿಕೊಂಡರು. ಅದೇ ಕಾಲಘಟ್ಟದಲ್ಲಿ ಘಾಟ್ಗೆಯವರ ನೇತೃತ್ವದ ತಂಡವು ಜೆಟ್ ತರಬೇತಿ ವಿಮಾನ ಕಿರಣ್ ಅನ್ನು ರೂಪಿಸಿತು. ಇದು 1964ರ ಸೆಪ್ಟೆಂಬರ್ 4ರಂದು ಮೊದಲು ಹಾರಿತು. ಎಚ್‌ಟಿ-2ರಂತೆಯೇ ಕಿರಣ್ ವಿಮಾನವೂ ಮುಂದೆ ಹೊಸ ಎಂಜಿನ್ ಪಡೆಯಿತು. ಮೊದಲಿನ ವೈಪರ್ ಎಂಜಿನ್‌ಗೆ ಬದಲಾಗಿ ಹೆಚ್ಚು ಶಕ್ತಿಯ ಆರ್ಫಿಯಸ್ ಎಂಜಿನ್ ಹೊಂದಿದ ಎರಡನೆಯ ಮಾದರಿಯು 1976ರಲ್ಲಿ ಹಾರಿತು. ಬೀದರ್ ವಾಯುನೆಲೆಯಲ್ಲಿ 1996ರಲ್ಲಿ ರಚನೆಯಾದ ಸೂರ್ಯಕಿರಣ್ ಪ್ರದರ್ಶನ ತಂಡವು ಬಹುಕಾಲ ಬಳಸಿದ್ದು ಈ ಎರಡನೆಯ ಮಾದರಿಯನ್ನೇ.

ನಿಧನ ಮತ್ತು ಸ್ಮರಣೆ

ಘಾಟ್ಗೆಯವರು 1991ರ ಡಿಸೆಂಬರ್ 6ರಂದು ನಿಧನರಾದರು. ಭಾರತೀಯ ವೈಮಾನಿಕ ಸೊಸೈಟಿಯು ಇವರ ಹೆಸರಿನಲ್ಲಿ ಪ್ರಶಸ್ತಿಯನ್ನು ನೀಡುತ್ತಿದೆ. ಬೆಂಗಳೂರಿನ ಎಚ್‌ಎಎಲ್ ಆವರಣದ ಸಮ್ಮೇಳನ ಭವನಕ್ಕೂ ಇವರ ಹೆಸರನ್ನು ಇಡಲಾಗಿದೆ. ಇವರ ತಂಡ ರೂಪಿಸಿದ ಎಚ್‌ಟಿ-2 ಮತ್ತು ಕಿರಣ್ ವಿಮಾನಗಳನ್ನು ಬೆಂಗಳೂರಿನ ಎಚ್‌ಎಎಲ್ ವೈಮಾನಿಕ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು.