ದಟ್ಟಣೆಯ ಲೆಕ್ಕ ಕಂಡ ಎರ್ಲಾಂಗ್

ನಗರವಾಸಿಗಳಾದ ನಾವು ನೂಕುನುಗ್ಗಲನ್ನು ದಿನವೂ ಕಾಣುತ್ತೇವೆ. ಅದಕ್ಕೂ ಲೆಕ್ಕವುಂಟೆಂದು ತೋರಿಸಿಕೊಟ್ಟವರು ಡೆನ್ಮಾರ್ಕ್ ದೇಶದ ಆಗ್ನರ್ ಎರ್ಲಾಂಗ್.

1878ರಲ್ಲಿ ಹಳ್ಳಿಯ ಉಪಾಧ್ಯಾಯರೊಬ್ಬರ ಮಗನಾಗಿ ಜನಿಸಿದ ಇವರು ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ ಗಣಿತವನ್ನು ವ್ಯಾಸಂಗ ಮಾಡಿ, ಕೆಲವು ವರ್ಷ ಶಾಲೆಗಳಲ್ಲಿ ಪಾಠ ಹೇಳಿ, 1908ರಲ್ಲಿ ಆ ನಗರದ ಟೆಲಿಫೋನ್ ಕಂಪನಿಯನ್ನು ಸೇರಿದರು. ಅಲ್ಲಿ ತಂತಿಗಳು ಕಡಮೆಯಾದರೆ ಕರೆದವರಿಗೆ ಸಂಪರ್ಕ ದೊರೆಯದು. ಹೆಚ್ಚಾದರೆ ಹಣ ವ್ಯರ್ಥ. ಯಾರು ಯಾವ ಗಳಿಗೆಯಲ್ಲಿ ಕರೆಯುವರೆಂದು ಬಲ್ಲವರಾರು? ಒಬ್ಬರ ಕರೆ ಆಕಸ್ಮಿಕವಾದರೂ ಸಾವಿರಾರು ಕರೆಗಳು ಕೂಡಿದಾಗ ಅವು ಸಂಭವನೀಯತೆಯ ನಿಯಮಕ್ಕೆ ಒಳಪಡುತ್ತವೆಂದು ಎರ್ಲಾಂಗರು 1909ರಲ್ಲಿ ತೋರಿಸಿದರು. ಇಂತಿಷ್ಟು ತಂತಿಗಳಿದ್ದರೆ ಎಷ್ಟು ಕರೆಗಳು ವಿಫಲವಾಗುವುವು, ಎಷ್ಟು ಹೊತ್ತು ಕಾಯಬೇಕಾಗುವುದು ಎಂಬುದಕ್ಕೆ 1917ರಲ್ಲಿ ಸೂತ್ರಗಳನ್ನು ಕೊಟ್ಟರು. 1929ರಲ್ಲಿ ಅವರು ಕಾಲವಾದರು. 1946ರಲ್ಲಿ ಟೆಲಿಫೋನ್ ದಟ್ಟಣೆಯನ್ನು ಅಳೆಯುವ ಮಾನಕ್ಕೆ ಅವರ ಹೆಸರನ್ನೇ ಇಡಲಾಯಿತು.

ಇಂದು ಕಂಪ್ಯೂಟರ್ ಜಾಲಗಳಲ್ಲಿ ಮಾಹಿತಿಯ ತುಣುಕುಗಳೂ ಹೀಗೆಯೇ ಸಾಲುಗಟ್ಟಿ ಕಾಯುತ್ತವೆ. ಅಮೆರಿಕದಲ್ಲಿ 1986ರಲ್ಲಿ ಇಂಟರ್ನೆಟ್ ಜಾಲವು ದಟ್ಟಣೆಯಿಂದ ಕುಸಿದಾಗ, ದಾರಿ ತುಂಬಿದುದನ್ನರಿತು ಕಳುಹಿಸುವ ಯಂತ್ರವೇ ವೇಗವನ್ನು ತಗ್ಗಿಸಿಕೊಳ್ಳುವ ಉಪಾಯವನ್ನು ವ್ಯಾನ್ ಜೇಕಬ್ಸನ್ 1988ರಲ್ಲಿ ಪ್ರಕಟಿಸಿದರು. ಆದರೆ ಸಾಲುಗಳ ಗಣಿತಕ್ಕೆ ತಳಹದಿ ಹಾಕಿದವರು ಎರ್ಲಾಂಗರು. ಗದ್ದಲವನ್ನು ಕಂಡು ಗೊಣಗದೆ, ಅದನ್ನು ಎಣಿಸಿ ಅರಿಯುವ ಅವರ ತಾಳ್ಮೆ ನಮಗೂ ಬರಲಿ.