ಎಂ.ಟಿ.ಆರ್. ಕಟ್ಟಿದ ಮಯ್ಯರು

ಬೆಂಗಳೂರಿನ ಎಂ.ಟಿ.ಆರ್. ಮುಂದೆ ದೋಸೆಗೆ ಕ್ಯೂ ನಿಲ್ಲೋರಿಗೆಲ್ಲ ಯಜ್ಞನಾರಾಯಣ ಮಯ್ಯರ ಹೆಸರು ಗೊತ್ತಿರಲಿಕ್ಕಿಲ್ಲ. ಉಡುಪಿ ಕಡೆಯ ಪಾರಂಪಳ್ಳಿಯವರು. ಅಣ್ಣತಮ್ಮಂದಿರು ಸೇರಿ 1924ರಲ್ಲಿ ಲಾಲ್‌ಬಾಗ್ ಹತ್ತಿರ ಸಣ್ಣ ಕಾಫಿ ಕ್ಲಬ್ ಶುರು ಮಾಡಿದರು. ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ತತ್ವಾರ ಬಂದಾಗ ರವೆ ಇಡ್ಲಿ ಹುಟ್ಟಿದ್ದು ಇಲ್ಲೇ ಅಂತ ಹೋಟೆಲಿನವರ ಮಾತು.

1951ರಲ್ಲಿ ಮಯ್ಯರು ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಚೊಕ್ಕಟ ಕಂಡರು. ಬಂದವರೇ ತಟ್ಟೆ-ಲೋಟ ಹಬೆಯಲ್ಲಿ ಶುದ್ಧ ಮಾಡಿಸೋ ಪದ್ಧತಿ ತಂದರು. 1960ರಲ್ಲಿ ಹೊಸ ಜಾಗಕ್ಕೆ ಬಂದ ಹೋಟೆಲು ಮಾವಳ್ಳಿ ಟಿಫಿನ್ ರೂಮ್ಸ್ ಆಯ್ತು.

ಮಯ್ಯರು 1968ರಲ್ಲಿ ತೀರಿಕೊಂಡರು. ಪರೀಕ್ಷೆ ಬಂದದ್ದು ಆಮೇಲೆ. 1975ರ ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಗೆ ಅಗ್ಗದ ದರ ಗೊತ್ತುಮಾಡಿತು. ಸರಕು ಕಲಬೆರಕೆ ಮಾಡಿ ಲೆಕ್ಕ ಸರಿದೂಗಿಸೋ ಬದಲು ಮನೆಯವರು ಹೋಟೆಲನ್ನೇ ಮುಚ್ಚಿದರು. ಕೆಲಸಗಾರರನ್ನು ಬೀದಿಗೆ ಬಿಡದೆ ಸಾಂಬಾರ್ ಪುಡಿ, ರವೆ ಇಡ್ಲಿ ಮಿಕ್ಸ್ ಮಾಡಿ ಮಾರಿದರು. ಮುಂದೆ ಬಾಗಿಲು ಮತ್ತೆ ತೆರೀತು. ಪೊಟ್ಟಣ ಊರೂರಿನ ಅಂಗಡಿಗೂ ಬಂತು.